ಸಣ್ಣ ಸಿಎನ್‌ಸಿಗೆ ನಾಲ್ಕನೇ ಆಕ್ಸಿಸ್: ಮೂರು ಮಳೆಗಾಲ ದಾಟಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿರುವ 3018 ಸಿಎನ್‌ಸಿಗೆ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಪುಟ್ಟ ಮೆಷಿನ್) ರೋಟರಿ, ಅಂದರೆ ಮರವನ್ನು ತಿರುಗಿಸುವ ಆಕ್ಸಿಸ್ ಕೂಡಿಸಿ ಮೂರು ವರ್ಷವಾಯಿತು. ಕಂಬದ ಒಂದು ತುದಿ ಹಿಡಿಯುವ 50 ಮಿ.ಮೀ. ಚಕ್, 6:1 ಬೆಲ್ಟ್ (ಮೋಟರ್ ಆರು ಸುತ್ತು ತಿರುಗಿದರೆ ಚಕ್ ಒಂದು ಸುತ್ತು), ನೆಮಾ 17 ಅಳತೆಯ ಮೋಟರ್, ಇನ್ನೊಂದು ತುದಿಗೆ ಆಸರೆ ಕೊಡುವ ಟೈಲ್‌ಸ್ಟಾಕ್ ಎಲ್ಲ ಇರುವ ಸೆಟ್. ದೇವರ ಮಂಟಪದ ಪುಟ್ಟ ಕಂಬಗಳ ಸುತ್ತ ಬಳ್ಳಿ ಕೆತ್ತಬೇಕೆಂಬ ಆಸೆಗೆ ತಗೊಂಡದ್ದು.

ಮೊದಲ ವರ್ಷ ಖರ್ಚು ಕಡಿಮೆಯ ದಾರಿ ಹಿಡಿದೆ. ಮೆಷಿನ್ ಜೊತೆ ಬಂದ ಬೋರ್ಡ್‌ನ ಗ್ರಬಲ್ (ಮೋಟರುಗಳನ್ನು ನಡೆಸುವ ಸಾಫ್ಟ್‌ವೇರ್) ಮೂರೇ ಆಕ್ಸಿಸ್ ನಡೆಸುತ್ತದೆ: ಎಕ್ಸ್, ವೈ, ಝಡ್. ಹಾಗಾಗಿ ಪವರ್ ಆಫ್ ಮಾಡಿ, ಬೆಡ್ (ಮರ ಕೂರಿಸುವ ಹಾಸು) ಸರಿಸುವ ವೈ ಮೋಟರಿನ ವೈರ್ ತೆಗೆದು ರೋಟರಿಗೆ ಕೊಟ್ಟೆ. (ಆನ್ ಇರುವಾಗ ಕಿತ್ತರೆ ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಚಿಪ್ ಸುಟ್ಟುಹೋಗಬಹುದು.) ಲೆಕ್ಕ ಸುಲಭ. ಮೋಟರಿನ ಒಂದು ಸುತ್ತಿಗೆ 200 ಸ್ಟೆಪ್, ಪ್ರತಿ ಸ್ಟೆಪ್ಪಿಗೆ 16 ಮೈಕ್ರೋಸ್ಟೆಪ್, ಬೆಲ್ಟಿನ 6 ಪಟ್ಟು: ಚಕ್ಕಿನ ಒಂದು ಸುತ್ತಿಗೆ 19,200. ಡಿಗ್ರಿಗೆ 53.333. ಅದನ್ನು ಗ್ರಬಲ್‌ನಲ್ಲಿ ವೈಯ ಸ್ಟೆಪ್ ಹೇಳುವ 101ನೇ ಸೆಟ್ಟಿಂಗ್‌ಗೆ ಹಾಕಿದೆ. ಮೋಟರ್ ಇಲ್ಲದ ಬೆಡ್ ನಡುಕಕ್ಕೆ ಸರಿಯುತ್ತದೆ, ಕ್ಲಾಂಪ್ ಹಾಕಲೇಬೇಕು.

ನಾನು ಎಡವಿದ್ದು ಫೀಡ್‌ನಲ್ಲಿ, ಅಂದರೆ ಬಿಟ್ (ಕೆತ್ತುವ ಮೊನೆ) ಸಾಗುವ ವೇಗದಲ್ಲಿ. 35 ಮಿ.ಮೀ. ದಪ್ಪದ ಕಂಬದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 0.3 ಮಿ.ಮೀ. ಅಷ್ಟೇ. ನಿಮಿಷಕ್ಕೆ 300 ಮಿ.ಮೀ. ಅಂತ ಕೊಟ್ಟ ಫೀಡನ್ನು ಮೆಷಿನ್ 300 ಡಿಗ್ರಿ ಅಂತ ತಗೊಂಡು, ತಿರುಗುವಾಗ ನಿಮಿಷಕ್ಕೆ 90 ಮಿ.ಮೀ. ಆಯಿತು. ಬಿಟ್ ಒಂದೇ ಕಡೆ ಉಜ್ಜಿ ಹಲಸಿನ ಮರ ಕರಟಿ ವಾಸನೆ ಬಂತು.

ಇನ್ನೊಂದು ತಲೆನೋವು: ಬಳ್ಳಿ ಸುತ್ತಿ ಬಂದು ಶುರುವಾದಲ್ಲಿಗೆ ಸೇರುತ್ತಿರಲಿಲ್ಲ, ಅರ್ಧ ಮಿ.ಮೀ. ಬಿಟ್ಟಿರುತ್ತಿತ್ತು. ಚಕ್ ಮೇಲೆ ಪೆನ್ಸಿಲ್ ಗೆರೆ ಎಳೆದು ಒಂದೇ ದಿಕ್ಕಿಗೆ ಹತ್ತು ಸುತ್ತು ತಿರುಗಿಸಿದೆ. ಗೆರೆ ಸರಿಯಾಗಿ ಕೂತಿತು. ಹಿಂದಕ್ಕೆ ತಿರುಗಿಸಿದಾಗ ಮಾತ್ರ ತಪ್ಪಿತು. ನೋಡಿದರೆ ಮೋಟರಿನ ಪುಲ್ಲಿಯ ಗ್ರಬ್ ಸ್ಕ್ರೂ (ಅದನ್ನು ಶಾಫ್ಟಿಗೆ ಬಿಗಿಯುವ ಪುಟ್ಟ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂತಿರಲೇ ಇಲ್ಲ! ಸರಿಯಾಗಿ ಕೂರಿಸಿ ಬೆಲ್ಟ್ ಬಿಗಿ ಮಾಡಿದೆ. ಕಂಬ ನೋಡಿದ ಪಕ್ಕದ ಮನೆಯ ಆಚಾರಿಯವರು ಬೆರಳಾಡಿಸಿ, "ಸೇರಿದ್ದು ಎಲ್ಲಿ ಮಾರಾಯ್ರೇ?" ಎಂದು ಕೇಳಿದರು. ಅವತ್ತು ನನಗಾದ ಖುಷಿ ಹೇಳತೀರದು.

ಮಳೆಗಾಲ ಬೇರೆಯೇ ಪಾಠ ಕಲಿಸಿತು. ರೋಟರಿಯನ್ನು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಮೇಲೆ ಕೂರಿಸಿದ್ದೆ. ಜುಲೈ ಹೊತ್ತಿಗೆ ಹಲಗೆ ನೀರು ಹೀರಿ ಉಬ್ಬಿ, ಟೈಲ್‌ಸ್ಟಾಕ್ ಕಡೆ ಎದ್ದಿತು. ಕಂಬದ ಒಂದು ತುದಿಯಲ್ಲಿ ಕೆತ್ತನೆ ಆಳ, ಇನ್ನೊಂದರಲ್ಲಿ ತೆಳು. ಈಗ 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಹಾಕಿದ್ದೇನೆ. ಚಕ್‌ನ ದವಡೆಗೆ ವಾರಕ್ಕೊಮ್ಮೆ ಎಣ್ಣೆ. ನಮ್ಮ ಕಡೆಯವರು ಮರದ ಹಲಗೆ ನಂಬಬೇಡಿ.

ಹೋದ ವರ್ಷ ಇಎಸ್‌ಪಿ32 ಚಿಪ್ಪಿನ ಬೋರ್ಡ್ ಹಾಕಿ, ಗ್ರಬಲ್ ಬಿಟ್ಟು ಫ್ಲೂಯಿಡ್‌ಎನ್‌ಸಿ ಎಂಬ ಸಾಫ್ಟ್‌ವೇರಿಗೆ ಬದಲಾದೆ. ಅದು ಆರು ಆಕ್ಸಿಸ್‌ವರೆಗೆ ನಡೆಸುತ್ತದೆ. ಈಗ ವೈ ವೈಯಾಗಿಯೇ ಇದೆ, ರೋಟರಿ 'ಎ' ಎಂಬ ನಾಲ್ಕನೇ ಆಕ್ಸಿಸ್ ಆಯಿತು. ಬಿಟ್ಟನ್ನು ಕಂಬದ ನಟ್ಟನಡುವೆ ತರಲು ಬೆಡ್ ತಳ್ಳಬೇಕಿಲ್ಲ, ಎಂಟು ಮೂಲೆಯ ಕಂಬವನ್ನೂ ಮಾಡಬಹುದು. ಶುರುವಿನಲ್ಲೇ ಈ ಬೋರ್ಡ್ ತಗೊಳ್ಳಬೇಕಿತ್ತು ಅನ್ನಿಸುತ್ತದೆ.

ಕೊರತೆ ಒಂದಿದೆ. ಚಕ್ಕೂ ಟೈಲ್‌ಸ್ಟಾಕೂ ಜಾಗ ತಿಂದು ಉಳಿಯುವುದು 150 ಮಿ.ಮೀ. ಕಂಬಕ್ಕೆ ಮಾತ್ರ. ಐದನೇ ಆಕ್ಸಿಸ್ ಈ ಮೆಷಿನ್‌ಗೆ ಬೇಡ, ಅಷ್ಟು ಭಾರ ಹೊರುವ ಗಟ್ಟಿತನ ಇದಕ್ಕಿಲ್ಲ. ರೋಟರಿ ಮಾತ್ರ ಧೈರ್ಯವಾಗಿ ತಗೊಳ್ಳಿ. ನಾಲ್ಕು ಕಂಬದ ಮಂಟಪ ಈಗ ಅಮ್ಮನ ದೇವರ ಕೋಣೆಯಲ್ಲಿದೆ.