ಪ್ಯಾರಿಸಿನ ಅಮೆರಿಕನ್ ಲೈಬ್ರರಿ: ಚಂದಾ ಕಟ್ಟುವ ಮುನ್ನ

ಓದಲೋ ಕೆಲಸಕ್ಕೋ ಪ್ಯಾರಿಸಿಗೆ ಬಂದು, ಫ್ರೆಂಚ್ ಇನ್ನೂ ನಾಲಿಗೆಗೆ ಹತ್ತದ ಮೊದಲ ವರ್ಷ ಕಷ್ಟದ್ದು. ಆ ವರ್ಷದಲ್ಲಿ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಮಾತಿನ ಸಂಜೆ, ಕೈಗೊಂದು ಕೆಲಸ ಮೂರೂ ಒಂದೇ ಸೂರಿನಡಿ ಸಿಗುವ ಜಾಗ ಅಮೆರಿಕನ್ ಲೈಬ್ರರಿ. ವಿಳಾಸ: 10, ರ್ಯೂ ದ್ಯು ಜೆನೆರಾಲ್ ಕಾಮು, ನಗರದ ಏಳನೇ ವಾರ್ಡು. ಐಫೆಲ್ ಗೋಪುರ ಹತ್ತಿರದಲ್ಲೇ ಇದೆ. ಮೆಟ್ರೊದಲ್ಲಿ ಬರುವವರು 8ನೇ ಲೈನಿನ ಎಕೋಲ್ ಮಿಲಿತೇರ್‌ನಲ್ಲಿ, ಉಪನಗರದಿಂದ ರೈಲಿನಲ್ಲಿ ಬರುವವರು ಆರ್‌ಇಆರ್ 'ಸಿ' ಲೈನಿನ ಪೊಂ ದ ಲಾಲ್ಮಾದಲ್ಲಿ ಇಳಿದರೆ ಸಾಕು. ಹೆಸರು ಅಮೆರಿಕನ್ ಎಂದಿದ್ದರೂ ಇದು ಅಮೆರಿಕದವರಿಗಷ್ಟೇ ಮೀಸಲಲ್ಲ. ಐರ್ಲೆಂಡಿನವರು, ಆಸ್ಟ್ರೇಲಿಯಾದವರು, ಭಾರತದವರು, ಇಂಗ್ಲಿಷ್ ಓದುವ ಫ್ರೆಂಚರು, ಯಾರು ಬೇಕಾದರೂ ಸದಸ್ಯರಾಗಬಹುದು.

ಮೊದಲು ದುಡ್ಡಿನ ಮಾತು. ಇದು ಸರ್ಕಾರಿ ಗ್ರಂಥಾಲಯವಲ್ಲ. ಸದಸ್ಯರ ಚಂದಾ ಮತ್ತು ದೇಣಿಗೆಯಿಂದ ನಡೆಯುವ, ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ವಾರ್ಷಿಕ ಸದಸ್ಯತ್ವದಲ್ಲಿ ಒಬ್ಬರಿಗೆ, ಕುಟುಂಬಕ್ಕೆ, ವಿದ್ಯಾರ್ಥಿಗಳಿಗೆ ಬೇರೆ ಬೇರೆ ದರ. ಒಂದೇ ದಿನ ಕೂತು ಓದುವವರಿಗೆ ದಿನದ ಪಾಸ್ ಉಂಟು. ಆದರೆ ಪ್ಯಾರಿಸ್ ನಗರಸಭೆಯ ಗ್ರಂಥಾಲಯಗಳಲ್ಲಿ ಕಾರ್ಡೂ ಉಚಿತ, ಪುಸ್ತಕದ ಎರವಲೂ ಉಚಿತ. ತಿಂಗಳಿಗೊಂದು ಇಂಗ್ಲಿಷ್ ಕಾದಂಬರಿ ಸಿಕ್ಕರೆ ಸಾಕು ಎನ್ನುವವರು ನಗರಸಭೆಯ ಕಾರ್ಡು ಮಾಡಿಸಿಕೊಳ್ಳಲಿ, ಇಲ್ಲಿ ಚಂದಾ ಕಟ್ಟುವುದು ಬೇಡ. ಇಲ್ಲಿಯ ಚಂದಾಕ್ಕೆ ಬೆಲೆ ಬರುವುದು ಪುಸ್ತಕದ ಜೊತೆಗೆ ಸಂಜೆಗಳನ್ನೂ ಜನರನ್ನೂ ಬಳಸಿಕೊಂಡಾಗ.

ಈ ಜಾಗಕ್ಕೆ ಈ ಗುಣ ಬಂದದ್ದು ಹುಟ್ಟಿನಿಂದಲೇ. ಮೊದಲ ಮಹಾಯುದ್ಧದ ಸೈನಿಕರಿಗಾಗಿ ಅಮೆರಿಕದ ಗ್ರಂಥಾಲಯಗಳು ಹಡಗಿನಲ್ಲಿ ಕಳಿಸಿದ ಪುಸ್ತಕಗಳಿಂದ 1920ರಲ್ಲಿ ಇದು ಶುರುವಾಯಿತು. ಯುದ್ಧದ ಕತ್ತಲ ನಂತರ ಪುಸ್ತಕಗಳ ಬೆಳಕು ಎಂಬ ಅರ್ಥದ ಲ್ಯಾಟಿನ್ ಸಾಲು ಇದರ ಧ್ಯೇಯವಾಕ್ಯ. ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿ ಫ್ರಾನ್ಸಿನಲ್ಲಿ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿ ಅದೇ ರೂಢಿಯಾಗಿತ್ತು. ಎರಡನೇ ಮಹಾಯುದ್ಧ ಆರಂಭವಾದಾಗ ನಿರ್ದೇಶಕಿ ಡೊರೊತಿ ರೀಡರ್ ಸೈನಿಕರಿಗೆ ಪುಸ್ತಕ ಕಳಿಸುವ ವ್ಯವಸ್ಥೆ ಕಟ್ಟಿದರು. ನಾಜಿ ಆಳ್ವಿಕೆಯಲ್ಲಿ ಯಹೂದಿ ಓದುಗರಿಗೆ ಪ್ರವೇಶ ನಿಷೇಧವಾದಾಗ ಸಿಬ್ಬಂದಿ ಅವರ ಮನೆಗಳಿಗೇ ಗುಟ್ಟಾಗಿ ಪುಸ್ತಕ ಮುಟ್ಟಿಸಿದರು. ಓದುಗರ ಮೇಲಿನ ಆ ಕಾಳಜಿಯೇ ಈ ಲೈಬ್ರರಿಯ ನಿಜವಾದ ಆಸ್ತಿ.

ಈಗ ಸಂಜೆಗಳ ವಿಷಯ. ವಾರದ ಮಧ್ಯದಲ್ಲಿ ಲೇಖಕರ ಜೊತೆ ಮಾತುಕತೆ ನಡೆಯುತ್ತದೆ. ಸದಸ್ಯರಲ್ಲದವರೂ ಬರಬಹುದು. ಪ್ರವೇಶ ಉಚಿತ, ಕೈಲಾದಷ್ಟು ದೇಣಿಗೆ ಕೊಡಬಹುದು. ಮುಂಚಿತವಾಗಿ ಹೆಸರು ನೋಂದಾಯಿಸಲೇಬೇಕು: ಓದುವ ಕೋಣೆಯಲ್ಲೇ ಕುರ್ಚಿ ಹಾಕುವುದರಿಂದ ಜಾಗ ಕಡಿಮೆ, ಹೆಸರಾಂತ ಲೇಖಕರಿದ್ದರೆ ಬೇಗ ತುಂಬುತ್ತದೆ. ಕಾಲು ಗಂಟೆ ಮೊದಲೇ ಹೋಗುವುದು ಒಳ್ಳೆಯದು, ಕುರ್ಚಿಗೂ ಸರಿ, ಪಕ್ಕದವರ ಪರಿಚಯಕ್ಕೂ ಸರಿ. ಪ್ರಶ್ನೆ ಕೇಳುವವರು ಮೈಕ್ ಕೈಗೆ ಬರುವ ತನಕ ಕಾಯಬೇಕು. ದನಿ ದೊಡ್ಡದಿದ್ದರೆ ಕೋಣೆಯಲ್ಲಿರುವವರಿಗೆ ಕೇಳಿಸೀತು, ಆನ್‌ಲೈನಿನಲ್ಲಿ ನೋಡುತ್ತಿರುವವರಿಗೆ ಮೈಕ್ ಇಲ್ಲದೆ ಏನೂ ಕೇಳಿಸುವುದಿಲ್ಲ. ಫ್ರಾನ್ಸನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಪುಸ್ತಕಕ್ಕೆ ಲೈಬ್ರರಿ 2013ರಿಂದ ಒಂದು ಪ್ರಶಸ್ತಿಯನ್ನೂ ಕೊಡುತ್ತಿದೆ. ಈ ದೇಶವನ್ನು ಅರ್ಥಮಾಡಿಕೊಳ್ಳಬೇಕೆನ್ನುವ ಹೊಸಬರಿಗೆ ಆ ಪಟ್ಟಿಗಿಂತ ಒಳ್ಳೆಯ ದಾರಿ ಕಡಿಮೆ.

ಹೆಚ್ಚು ಜನ ಗಮನಿಸದೆ ಬಿಡುವುದು ಸ್ವಯಂಸೇವೆಯನ್ನು. ಲೈಬ್ರರಿಯ ದಿನದ ಕೆಲಸದಲ್ಲಿ ಸ್ವಯಂಸೇವಕರ ಪಾಲು ದೊಡ್ಡದು. ಅದರಲ್ಲೂ ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಕೆಲಸ ಹೊಸಬರಿಗೆ ಹೇಳಿ ಮಾಡಿಸಿದಂಥದ್ದು. ಮಾತು ಹೆಚ್ಚು ಬೇಕಿಲ್ಲ, ಆದರೆ ಕಣ್ಣು ಚುರುಕಿರಬೇಕು. ಇಲ್ಲಿ ಕತೆ, ಕಾದಂಬರಿಯಲ್ಲದ ಪುಸ್ತಕಗಳಿಗೆ ಡ್ಯೂಯಿ ದಶಮಾಂಶ ಪದ್ಧತಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಆ ಸಂಖ್ಯೆಯ ಸರದಿಯಲ್ಲಿ ಜೋಡಿಸುವ ಕ್ರಮ. ಹೊಸಬರು ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: 944.36 ಮೊದಲೋ 944.4 ಮೊದಲೋ? ಮೂವತ್ತಾರು ನಾಲ್ಕಕ್ಕಿಂತ ದೊಡ್ಡದೆಂದು 944.36 ಅನ್ನು ಆಮೇಲೆ ಇಡುತ್ತಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ನೋಡಬೇಕು. ಮೂರು ನಾಲ್ಕಕ್ಕಿಂತ ಚಿಕ್ಕದು, ಹಾಗಾಗಿ 944.36 ಮೊದಲು. ಸಂಖ್ಯೆ ಒಂದೇ ಆದಾಗ ಅದರ ಕೆಳಗಿನ ಅಕ್ಷರಗಳ ಸರದಿ ನೋಡಿ ಇಡಬೇಕು. ಒಂದು ಪುಸ್ತಕ ನಾಲ್ಕು ಗೇಣು ಆಚೆ ಕೂತರೂ ಕಂಪ್ಯೂಟರಿನಲ್ಲಿ 'ಇದೆ' ಎಂದೇ ತೋರಿಸುತ್ತದೆ, ಹುಡುಕುವವರಿಗೆ ಮಾತ್ರ ಸಿಗುವುದಿಲ್ಲ. ಅಂಥ ಪುಸ್ತಕ ಕಳುವಾದ ಪುಸ್ತಕಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅದರ ಬದಲು ಯಾರೂ ಹೊಸದನ್ನು ತರಿಸುವುದಿಲ್ಲ.

ಪುಸ್ತಕ ತೆಗೆಯುವುದಕ್ಕೂ ಕ್ರಮವಿದೆ. ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆದರೆ ಬೈಂಡಿಂಗ್ ಅಲ್ಲೇ ಬಿಡುತ್ತದೆ. ಎಡಬಲದ ಪುಸ್ತಕಗಳನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಬೆನ್ನಿನ ನಡುವೆ ಹಿಡಿದು ತೆಗೆಯಬೇಕು. ಸಾಲನ್ನು ಬಿಗಿಯಾಗಿ ತುರುಕಿದರೂ ಇದೇ ಗತಿ, ಕೈ ಆಡುವಷ್ಟು ಸಡಿಲ ಬಿಡಬೇಕು.

ಸ್ವಯಂಸೇವೆಗೆ ಹೋಗುವ ಮುನ್ನ ಫ್ರೆಂಚಿನ ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಸಂಬಳವಿಲ್ಲದೆ, ಕರಾರಿಲ್ಲದೆ ಮಾಡುವ ಸೇವೆ 'ಬೆನೆವೊಲಾ'. 'ವೊಲೊಂತಾರಿಯಾ' ಎಂದರೆ ಕರಾರು, ಭತ್ಯೆ ಎಲ್ಲ ಇರುವ ಬೇರೆಯದೇ ವ್ಯವಸ್ಥೆ. ಅರ್ಜಿಯಲ್ಲಿ ಇವೆರಡನ್ನೂ ಅದಲುಬದಲು ಮಾಡಿದರೆ ತಪ್ಪು ಮೇಜಿಗೆ ಹೋಗುತ್ತೀರಿ. ವಿದ್ಯಾರ್ಥಿ ವೀಸಾದವರಿಗೆ ವರ್ಷಕ್ಕೆ 964 ಗಂಟೆ ಸಂಬಳದ ಕೆಲಸದ ಮಿತಿ ಇದೆ. ಬೆನೆವೊಲಾ ಸಂಬಳದ ಕೆಲಸವಲ್ಲದ್ದರಿಂದ ಆ ಲೆಕ್ಕಕ್ಕೆ ಬರುವುದಿಲ್ಲ. ಸಂಬಳದ ಕೆಲಸಕ್ಕೆ ಅವಕಾಶವೇ ಇಲ್ಲದ 'ವಿಸಿತರ್' ವೀಸಾದಲ್ಲಿ ಬಂದವರಿಗೆ ಮನೆಯಿಂದ ಹೊರಬೀಳಲು ಇದು ಒಳ್ಳೆಯ ದಾರಿ. ಸಂಸ್ಥೆ ಖರ್ಚನ್ನು ರಸೀದಿಯ ಮೇಲೆ ಮರಳಿಸಬಹುದು. ಅದಕ್ಕಿಂತ ಹೆಚ್ಚು ಹಣ ಕೈಗೆ ಬಂದರೆ ಕಾನೂನಿನ ಕಣ್ಣಿಗೆ ಅದು ಸಂಬಳವಾಗಿ ಕಾಣಬಹುದು. ಮನೆಯ ವಿಮೆಯಲ್ಲಿ 'ರೆಸ್ಪೊನ್ಸಾಬಿಲಿತೆ ಸಿವಿಲ್', ಅಂದರೆ ನಮ್ಮಿಂದ ಇತರರಿಗೆ ಆದ ನಷ್ಟವನ್ನು ಭರಿಸುವ ಭಾಗ, ಸೇರಿದೆಯೇ ನೋಡಿ, ಆ ಪತ್ರ ಕೈಯಲ್ಲಿರಲಿ. ಇದು ಪ್ಯಾರಿಸಿನ ಯಾವುದೇ ಸಂಘಕ್ಕೂ ಅನ್ವಯಿಸುವ ಮಾತು.

ಸಮಯದ ಬಗ್ಗೆ ಒಂದು ಸಲಹೆ. ವಾರಕ್ಕೆ ಒಂದು ದಿನ, ಎರಡು ಮೂರು ಗಂಟೆ ಎಂದು ಒಪ್ಪಿ ಅದನ್ನು ತಪ್ಪದೆ ನಡೆಸಿದವರು ನೆಲೆ ನಿಲ್ಲುತ್ತಾರೆ. ಉತ್ಸಾಹದಲ್ಲಿ ಮೂರು ದಿನ ಒಪ್ಪಿಕೊಂಡವರು ಪರೀಕ್ಷೆಯೋ ಪ್ರಾಜೆಕ್ಟೋ ಬಂದ ತಕ್ಷಣ ನಿಂತುಬಿಡುತ್ತಾರೆ, ಆಗ ಆ ಸರದಿಯನ್ನು ತುಂಬುವ ಹೊರೆ ಇತರರ ಮೇಲೆ ಬೀಳುತ್ತದೆ.

ಮಕ್ಕಳಿರುವವರಿಗೆ ಬುಧವಾರ ಮುಖ್ಯ. ಫ್ರಾನ್ಸಿನ ಪ್ರಾಥಮಿಕ ಶಾಲೆಗಳಿಗೆ ಅಂದು ಮಧ್ಯಾಹ್ನ ರಜೆ, ಆದ್ದರಿಂದ ಮಕ್ಕಳ ವಿಭಾಗ ತುಂಬಿರುತ್ತದೆ. ಶಾಲೆಯಲ್ಲಿ ಪೂರ್ತಿ ಫ್ರೆಂಚ್ ಆದ ಮಕ್ಕಳಿಗೆ ಇಂಗ್ಲಿಷ್ ಓದು ಬಿಟ್ಟುಹೋಗದಂತೆ ನೋಡಿಕೊಳ್ಳಲು ಕುಟುಂಬದ ಸದಸ್ಯತ್ವ ಸಾರ್ಥಕ.

ಕೊರತೆಗಳೂ ಇವೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ, ಭಾನುವಾರ ತೆರೆಯುವುದು ಮಧ್ಯಾಹ್ನದ ಮೇಲೆ. ಸದಸ್ಯರ ಸಂಖ್ಯೆಗೆ ಹೋಲಿಸಿದರೆ ಕೂತು ಓದುವ ಜಾಗ ಚಿಕ್ಕದು. ವಿಜ್ಞಾನ, ತಂತ್ರಜ್ಞಾನದ ಪಠ್ಯಗಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೇ ನಂಬಬೇಕು, ಇಲ್ಲಿಯ ಬಲ ಸಾಹಿತ್ಯ, ಇತಿಹಾಸ, ಜೀವನಚರಿತ್ರೆಗಳಲ್ಲಿ. ಊರಾಚೆ ಮನೆ ಮಾಡಿಕೊಂಡವರು ಎರಡೂ ಕಡೆಯ ಪ್ರಯಾಣದ ಸಮಯವನ್ನು ಲೆಕ್ಕಹಾಕಿಯೇ ವರ್ಷದ ಚಂದಾ ಕಟ್ಟಲಿ. ಸಂಜೆಯ ಕಾರ್ಯಕ್ರಮ ಮುಗಿಸಿ ಉಪನಗರದ ರೈಲು ಹಿಡಿದರೆ ಮನೆ ಸೇರುವಾಗ ರಾತ್ರಿ ತಡವಾಗುತ್ತದೆ.

ಇದೇ ಸುತ್ತಮುತ್ತ ಇನ್ನೂ ಎರಡು ಬಾಗಿಲುಗಳಿವೆ. ನದಿ ದಂಡೆಯ 65, ಕೆ ದೋರ್ಸೇಯ ಅಮೆರಿಕನ್ ಚರ್ಚಿನ ಸೂಚನಾ ಫಲಕ ಬಾಡಿಗೆ ಕೋಣೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಭಾಷಾ ವಿನಿಮಯ ಹುಡುಕುವವರಿಗೆ ಹಳೆಯ ಕಾಲದಿಂದಲೂ ಹೆಸರುವಾಸಿ. ಸೆಪ್ಟೆಂಬರಿನಲ್ಲಿ ವಾರ್ಡುಗಳಲ್ಲಿ ಸಂಘಸಂಸ್ಥೆಗಳ ಮೇಳ ನಡೆಯುತ್ತದೆ. ಸೇವೆಯ ಜೊತೆಗೆ ಫ್ರೆಂಚೂ ಬರಲಿ ಎನ್ನುವವರು ಅಲ್ಲಿ ತಮ್ಮ ಬೀದಿಯ ಸಂಘವನ್ನೇ ಆರಿಸಿಕೊಳ್ಳಬಹುದು. ಇಂಗ್ಲಿಷಿನ ಕೋಟೆಯೊಳಗೇ ಉಳಿದರೆ ಮೂರು ವರ್ಷವಾದರೂ ಬೇಕರಿಯಲ್ಲಿ ಬೆರಳು ತೋರಿಸಿಯೇ ಬ್ರೆಡ್ ಕೊಳ್ಳಬೇಕಾಗುತ್ತದೆ.

ಮೊದಲ ಭೇಟಿಗೆ ಲೇಖಕರ ಮಾತುಕತೆ ಇರುವ ದಿನವನ್ನೇ ಆರಿಸಿ. ಮಧ್ಯಾಹ್ನ ಹೋಗಿ ದಿನದ ಪಾಸಿನಲ್ಲಿ ಕಪಾಟುಗಳನ್ನು ನೋಡಿ, ಸಂಜೆ ಮಾತುಕತೆಗೆ ಕೂತು, ಹೊರಡುವ ಮುನ್ನ ಸ್ವಾಗತದ ಮೇಜಿನಲ್ಲಿ ಸ್ವಯಂಸೇವೆಯ ಬಗ್ಗೆ ಕೇಳಿ. ಸದಸ್ಯತ್ವಕ್ಕೆ ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ.