ಬೋಗಿಗೆ ದೀಪ ಹಾಕುವ ಮೊದಲು ಕೆಪಾಸಿಟರಿನ ಮೈಮೇಲಿನ ಅಂಕಿ ನೋಡಿ

ಮಾದರಿ ರೈಲಿನ ಬೋಗಿಗಳಿಗೆ ಹಾಕಲು ಎಲ್‌ಇಡಿ ದೀಪದ ರೆಡಿಮೇಡ್ ಕಿಟ್ ತರಿಸಿಕೊಂಡಿರುವವರು, ಅದರಲ್ಲೂ ಡಿಸಿಸಿಯಲ್ಲಿ (ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ರೈಲು ಓಡಿಸುವವರು, ಬೋಗಿಯ ಚಾವಣಿ ಮುಚ್ಚುವ ಮೊದಲು ಇದನ್ನೊಮ್ಮೆ ಓದಿಕೊಳ್ಳಿ. ನನ್ನ ಎರಡು ಬೋಗಿಗಳು ಹಾಳಾಗಿವೆ. ಅದಕ್ಕಿಂತ ಹೆಚ್ಚಿನದು ಆಗದೆ ಉಳಿದದ್ದು ನನ್ನ ಜಾಣತನದಿಂದಲ್ಲ, ತಮ್ಮನ ಹೆಂಡತಿಯ ಮೂಗಿನಿಂದ.

ಹಾಸನದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯ ಮೇಲೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಣುಕು ಇದೆ. ನಿಜವಾದ ಘಾಟಿಯಲ್ಲಿ 57 ಸುರಂಗಗಳು, ನನ್ನದರಲ್ಲಿ ಒಂದೇ. ಎಚ್‌ಒ ಅಳತೆ, ಅಂದರೆ 87ಕ್ಕೆ 1. ಹಳಿಯ ಅಗಲ 16.5 ಮಿಲಿಮೀಟರ್. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ (ಐಸಿಎಫ್) ಮಾದರಿಯ, 21 ಮೀಟರಿಗೂ ಉದ್ದದ ಬೋಗಿ ಈ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅಂಥ ಆರು ನೀಲಿ ಬೋಗಿಗಳನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಂಟಿಸಿ, ಎರಡು ಮಳೆಗಾಲ ಕೂತು ನಾನೇ ಮಾಡಿದ್ದೆ. ಕೊಂಡ ಬೋಗಿಗಳಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

ದೀಪ ಬೇಕೇಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. 2007ರ ಡಿಸೆಂಬರಿನಲ್ಲಿ ಘಾಟಿಯಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಪ್ರಯಾಣಿಕರ ರೈಲು ಶುರುವಾದ ಸ್ವಲ್ಪ ದಿನಕ್ಕೇ ರಾತ್ರಿ ಗಾಡಿಯಲ್ಲಿ ಮಂಗಳೂರಿಗೆ ಹೋಗಿದ್ದೆ. ಗಾಡಿ ಸುರಂಗದೊಳಕ್ಕೆ ನುಗ್ಗಿದ ಕೂಡಲೇ ನಮ್ಮ ಕಿಟಕಿಗಳ ಬೆಳಕು ಚೌಕ ಚೌಕವಾಗಿ ಹಸಿ ಗೋಡೆಯ ಮೇಲೆ ನಮ್ಮ ಜೊತೆಯಲ್ಲೇ ಓಡುತ್ತಿತ್ತು. ಆ ಚೌಕಗಳು ನನ್ನ ಹಲಗೆಯ ಮೇಲೂ ಓಡಬೇಕಿತ್ತು.

ಕಿಟ್ ತರಿಸಿದ್ದು ಆನ್‌ಲೈನಿನಲ್ಲಿ. ಮಾರಿದವರ ಹೆಸರು ಇಲ್ಲಿ ಬೇಡ. ಇದೇ ಬಗೆಯ ಮಾಲನ್ನು ಹತ್ತು ಜನ ಹತ್ತು ಹೆಸರಿನಲ್ಲಿ ಮಾರುತ್ತಾರೆ. ಪೊಟ್ಟಣದಲ್ಲಿ ಇದ್ದದ್ದು ಇಷ್ಟು: ಹನ್ನೆರಡು ದೀಪಗಳ, ಇಪ್ಪತ್ತು ಸೆಂಟಿಮೀಟರ್ ಉದ್ದದ 12 ವೋಲ್ಟಿನ ಪಟ್ಟಿ, ಬೆರಳುಗುರಿನಷ್ಟು ದೊಡ್ಡ ಹಸಿರು ಬೋರ್ಡು, ಅದರ ಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಒಂದು ಬ್ರಿಡ್ಜ್ ರೆಕ್ಟಿಫೈಯರ್, ಸ್ವಲ್ಪ ಕರೆಂಟು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್, ಗಾಲಿಗಳಿಂದ ಕರೆಂಟು ಎತ್ತಿಕೊಳ್ಳಲು ಕೂದಲೆಳೆಯಂಥ ಎರಡು ತಂತಿ. ವಿವರಣೆಯಲ್ಲಿ ‘ಡಿಸಿಸಿಗೂ ಹೊಂದುತ್ತದೆ’ ಎಂದು ಬರೆದಿತ್ತು. ನಾನು ನೆಚ್ಚಿಕೊಂಡದ್ದು ಆ ಒಂದು ಸಾಲನ್ನು.

ಗೊತ್ತಿಲ್ಲದವರಿಗೆ ಒಂದು ಮಾತು. ಹಳೆಯ ಪದ್ಧತಿಯಲ್ಲಿ ಹಳಿಗೆ ಡಿ.ಸಿ. ಕರೆಂಟು ಕೊಡುತ್ತೇವೆ, ರೈಲು ನಿಧಾನವಾದರೆ ದೀಪವೂ ಮಂಕಾಗುತ್ತದೆ, ನಿಂತರೆ ಆರುತ್ತದೆ. ಡಿಸಿಸಿಯಲ್ಲಿ ಹಳಿಯ ಮೇಲೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತಿರುತ್ತದೆ. ಆದ್ದರಿಂದ ಬ್ರಿಡ್ಜ್ ಬೇಕು. ಗಾಲಿಯ ಮೇಲಿನ ಕಿಲುಬಿನಿಂದ, ನಮ್ಮ ಮಳೆಗಾಲದಲ್ಲಂತೂ ವಾರಕ್ಕೇ ಕೂರುವ ಕಿಲುಬಿನಿಂದ, ದೀಪ ಮಿಣುಕದಿರಲಿ ಎಂದು ಕೆಪಾಸಿಟರ್.

ಅಳೆಯದೆ ಜೋಡಿಸಿದೆ ಎಂದು ಯಾರೂ ಬೈಯಬೇಡಿ. ಅಳೆದೇ ಜೋಡಿಸಿದೆ. ಮನೆಯಲ್ಲಿದ್ದ ಮಲ್ಟಿಮೀಟರನ್ನು ಎ.ಸಿ.ಗೆ ತಿರುಗಿಸಿ ಹಳಿಯ ಮೇಲಿಟ್ಟಾಗ 12.6 ತೋರಿಸಿತು. 12 ವೋಲ್ಟಿನ ಪಟ್ಟಿಗೆ ಇದಕ್ಕಿಂತ ಏನು ಬೇಕು ಎಂದುಕೊಂಡೆ. ಮೇಜಿನ ಮೇಲೆ 12 ವೋಲ್ಟಿನ ಅಡಾಪ್ಟರಿಗೂ ಕೊಟ್ಟು ನೋಡಿದೆ. ತಂಪಾಗಿ, ಬೆಳದಿಂಗಳಿನ ಹಾಗೆ ಉರಿಯಿತು. ಅದೇ ಪಟ್ಟಿ ಹಳಿಯ ಮೇಲೆ ಹಗಲಿನ ಹಾಗೆ ಉರಿದಾಗ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ಚಾವಣಿಯನ್ನು ಮುಟ್ಟಿ ನೋಡುವ ಬುದ್ಧಿಯೂ ಬರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಆರೂ ಬೋಗಿಗಳನ್ನು ಒಟ್ಟಿಗೆ ಹಳಿಗೆ ಇಳಿಸಿದಾಗ ಬೂಸ್ಟರ್, ಅಂದರೆ ಹಳಿಗೆ ಕರೆಂಟು ಉಣಿಸುವ, ಮಿತಿ ಮೀರಿದರೆ ತಾನೇ ನಿಲ್ಲುವ ಪೆಟ್ಟಿಗೆ, ಟಪ್ಪೆಂದು ಆಫ್ ಆಗತೊಡಗಿತು. ಮಾರಿದವರಿಗೆ ಫೋನ್ ಮಾಡಿದೆ. ‘ನಿಮ್ಮ ಬೂಸ್ಟರಿನ ಮಿತಿ ಕಡಿಮೆ ಇದೆ ಸಾರ್, 5 ಆಂಪಿಯರಿಗೆ ಏರಿಸಿಕೊಳ್ಳಿ’ ಎಂದರು. ಏರಿಸಿದೆ. ಆಫ್ ಆಗುವುದು ನಿಂತಿತು. ಖಾಲಿ ಕೆಪಾಸಿಟರಿಗೆ ಮೊದಲ ಕ್ಷಣದಲ್ಲಿ ಕರೆಂಟಿನ ಹಸಿವು ವಿಪರೀತ. ಬೂಸ್ಟರಿಗೆ ಅದು ಶಾರ್ಟ್ ಆದಂತೆಯೇ ಕಾಣುತ್ತದೆ. ಆ ಹಸಿವಿಗೆ ಕಡಿವಾಣ ಹಾಕಲು ಪ್ರತಿ ಬೋರ್ಡಿನಲ್ಲೂ ಒಂದು ರೆಸಿಸ್ಟರ್ ಇರಬೇಕಿತ್ತು. ಕಿಟ್‌ನಲ್ಲಿ ಇರಲಿಲ್ಲ. ನಾನು ಮಾಡಿದ್ದು ಬೊಗಳುವ ನಾಯಿಯ ಬಾಯಿ ಕಟ್ಟಿದ ಕೆಲಸ.

ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು ಅವು. ದರ್ಶನಕ್ಕೆಂದು ತಮ್ಮನ ಸಂಸಾರ ಬಂದಿತ್ತು. ಮನೆಗೆ ಬಂದ ನೆಂಟರಿಗೆ ರೈಲು ತೋರಿಸದೆ ಕಳಿಸುವ ಜಾಯಮಾನ ನನ್ನದಲ್ಲ. ಸಂಜೆ ಏಳರ ಹೊತ್ತಿಗೆ ಕೋಣೆಯ ದೀಪ ಆರಿಸಿ ಗಾಡಿ ಬಿಟ್ಟೆ. ಚೌಕಗಳು ಓಡಿದವು. ನಿಜಕ್ಕೂ ಓಡಿದವು, ಆ ಇಪ್ಪತ್ತು ನಿಮಿಷ ಮಾತ್ರ ನಾನು ಯಾರ ಮಾತಿಗೂ ಸಿಗುವಂತಿರಲಿಲ್ಲ. ಆಮೇಲೆ ಗಾಡಿ ಸುರಂಗದೊಳಗೆ ಹೋದದ್ದು ಹೊರಗೆ ಬರಲಿಲ್ಲ.

‘ದೊಡ್ಡಪ್ಪ, ಹೊಗೆ ಕೂಡ ಬರುತ್ತದೆ!’ ಎಂದು ತಮ್ಮನ ಮಗ ಚಪ್ಪಾಳೆ ತಟ್ಟಿದ. ಸುರಂಗದ ಬಾಯಿಂದ ತೆಳ್ಳಗೆ ಬಿಳಿಯ ಹೊಗೆ ಏಳುತ್ತಿತ್ತು. ಡೀಸೆಲ್ ಎಂಜಿನ್ನಿಗೆ ನಾನು ಹೊಗೆಯ ಉಪಕರಣ ಹಾಕಿಯೇ ಇಲ್ಲ ಎಂಬುದು ಹೊಳೆಯುವಷ್ಟರಲ್ಲಿ ಕೆಳಗೆ ಅಡುಗೆಮನೆಯಿಂದ ಅವನ ತಾಯಿ ಮೆಟ್ಟಿಲು ಹತ್ತಿ ಬಂದಳು. ‘ಭಾವ, ಏನದು ಮೀನು ಕೆಟ್ಟ ವಾಸನೆ?’ ಎಂದಳು. ನಮ್ಮದು ಮೀನು ತರುವ ಮನೆಯೇ ಅಲ್ಲ. ಸಿಡಿದ ಕೆಪಾಸಿಟರಿನ ಒಳಗಿನ ದ್ರವ ಹಾಗೆ ನಾರುತ್ತದೆ ಎಂದು ಅಂದು ತಿಳಿಯಿತು. ಪ್ಲಗ್ ಕಿತ್ತೆ. ಸುರಂಗಕ್ಕೆ ಕೈ ಹಾಕಿ ಬೋಗಿ ಎಳೆದೆ. ತೋರುಬೆರಳಿನ ತುದಿಗೆ ತಂತಿ ತಾಗಿ ಆದ ಗುಳ್ಳೆ ಒಣಗಲು ವಾರ ಹಿಡಿಯಿತು.

ಮೂರನೆಯ ಬೋಗಿಯ ಚಾವಣಿ ಹಳೆಯ ಮಂಚದ ಹಾಗೆ ನಡುವೆ ಜಗ್ಗಿತ್ತು. ಕೆಪಾಸಿಟರಿನ ತಲೆ ಬಿರಿದಿತ್ತು. ತಂತಿ ಹಾದ ಜಾಗದಲ್ಲೆಲ್ಲ ನೆಲದ ಪ್ಲಾಸ್ಟಿಕ್ಕಿನಲ್ಲಿ ಗೆರೆ ಕೊರೆದಂತೆ ಕಾಲುವೆ ಬಿದ್ದಿತ್ತು. ಪಕ್ಕದ ಬೋಗಿಯ ಕಿಟಕಿ ಸರಳುಗಳು ಸೊಟ್ಟಗಾಗಿದ್ದವು. ‘ಹಾಸನಾಂಬೆಯ ಗರ್ಭಗುಡಿಯ ದೀಪ ವರ್ಷವಿಡೀ ಆರುವುದಿಲ್ಲವಂತೆ. ನಿಮ್ಮದು ಅರ್ಧ ಗಂಟೆಯೂ ಉಳಿಯಲಿಲ್ಲವಲ್ಲ ರೀ’ ಎಂದಳು ನನ್ನವಳು. ಈಗಲೂ ಆಗಾಗ ಹೇಳುತ್ತಾಳೆ.

ಮರುವಾರ ಬೂಸ್ಟರು, ಒಂದು ತುಂಡು ಹಳಿ, ಉಳಿದ ಬೋಗಿಗಳನ್ನು ಚೀಲಕ್ಕೆ ಹಾಕಿಕೊಂಡು ಟಿ.ವಿ., ಆಂಪ್ಲಿಫೈಯರ್ ರಿಪೇರಿ ಮಾಡುವ ಪರಿಚಯದ ಹಿರಿಯರ ಬಳಿ ಹೋದೆ. ಅವರು ಮಾದರಿ ರೈಲನ್ನು ಜನ್ಮದಲ್ಲಿ ನೋಡಿದವರಲ್ಲ. ಆದರೂ ಕೇಳಿದ ಮೊದಲ ಪ್ರಶ್ನೆಯೇ ‘ಯಾವ ಮೀಟರಿನಲ್ಲಿ ಅಳೆದಿರಿ?’ ಎಂದು. ನನ್ನ ಮೀಟರ್ ನೋಡಿ ನಕ್ಕರು. ‘ಇದರ ಕಿವಿ ಮನೆಯ ಕರೆಂಟಿನ 50 ಹರ್ಟ್ಜ್‌ಗೆ ಹೊಂದಿದ್ದು ಸ್ವಾಮಿ. ನಿಮ್ಮ ಹಳಿಯದು ಸಾವಿರಗಳ ಲೆಕ್ಕ. ಇದಕ್ಕೆ ಅರ್ಧಂಬರ್ಧ ಕೇಳಿಸುತ್ತದೆ’ ಎಂದರು. ಡಬ್ಬಿಯಿಂದ ಒಂದು ಬ್ರಿಡ್ಜ್ ತೆಗೆದು ಹಳಿಗೆ ಕಚ್ಚಿಸಿ, ಅದರಾಚೆಗೆ ಡಿ.ಸಿ.ಯಲ್ಲಿ ಅಳೆದರು. 16.8. ಬ್ರಿಡ್ಜ್ ತಾನೇ ನುಂಗುವ ಸುಮಾರು 1.4 ಸೇರಿಸಿದರೆ ಹಳಿಯ ಮೇಲೆ ಇದ್ದದ್ದು 18 ವೋಲ್ಟಿಗೂ ಮೇಲೆ.

ಆಮೇಲೆ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೆಪಾಸಿಟರನ್ನು ನನ್ನ ಕಡೆಗೆ ತಿರುಗಿಸಿದರು. ಮೈಮೇಲೆ ಬಿಳಿ ಅಕ್ಷರದಲ್ಲಿ 470 ಮೈಕ್ರೋಫ್ಯಾರಡ್, 16 ವೋಲ್ಟ್. ಅಂದರೆ ಅದು ತಾಳುವ ಮಿತಿ 16. ಆರೂ ಬೋಗಿಗಳಲ್ಲಿ ಅದೇ. ಎಲ್ಲವನ್ನೂ ನಾನೇ ಕೈಯಾರೆ ಕೂರಿಸಿದ್ದೆ, ಒಂದನ್ನೂ ಓದಿರಲಿಲ್ಲ.

ಪಟ್ಟಿಯ ಲೆಕ್ಕ ಹೀಗೆ. ಮೂರು ಮೂರು ದೀಪಕ್ಕೆ 151 ಎಂದು ಬರೆದ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ, ಅಂದರೆ 150 ಓಮ್. 12 ವೋಲ್ಟ್ ಕೊಟ್ಟರೆ ಮೂರು ಬಿಳಿ ದೀಪಗಳು ಸೇರಿ 9 ವೋಲ್ಟಿನಷ್ಟು ತಿಂದು, ಉಳಿದ 3 ರೆಸಿಸ್ಟರಿಗೆ ಬಂದು, 20 ಮಿಲಿಆಂಪಿಯರ್ ಹರಿಯುತ್ತದೆ. 16.8 ಕೊಟ್ಟರೆ ದೀಪಗಳು ತಿನ್ನುವುದು ಹೆಚ್ಚುಕಡಿಮೆ ಅಷ್ಟೇ. ಮಿಕ್ಕಿದ್ದೆಲ್ಲ ರೆಸಿಸ್ಟರಿನ ತಲೆಗೆ. ಕರೆಂಟು 50ರ ಹತ್ತಿರ ಹೋಗುತ್ತದೆ. ವೋಲ್ಟೇಜ್ ಒಂದೂವರೆ ಪಟ್ಟೂ ಆಗಿಲ್ಲ, ಕರೆಂಟು ಎರಡು ಪಟ್ಟು ದಾಟಿತು. ಒಟ್ಟು 3 ವ್ಯಾಟಿಗೂ ಹೆಚ್ಚು ಬಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಆ ಪ್ಲಾಸ್ಟಿಕ್ಕು ನೀರು ಕುದಿಯುವಷ್ಟು ಬಿಸಿಗೇ ಮೆತ್ತಗಾಗುವಂಥದ್ದು. ಮಿತಿ ಮೀರಿದ ವೋಲ್ಟೇಜ್ ಒಂದು ಕಡೆ, ಪಕ್ಕದ ಕೆಂಡ ಇನ್ನೊಂದು ಕಡೆ; ಕೆಪಾಸಿಟರ್ ಒಳಗೇ ಶಾರ್ಟ್ ಆಯಿತು. ಮೊದಲಿನ 3 ಆಂಪಿಯರ್ ಮಿತಿಯಲ್ಲೇ ಬಿಟ್ಟಿದ್ದರೆ ಬೂಸ್ಟರ್ ಅಲ್ಲಿಗೇ ಆಫ್ ಆಗುತ್ತಿತ್ತು. 5ಕ್ಕೆ ಏರಿಸಿದ್ದರಿಂದ ಸುಮ್ಮನೆ ಉಣಿಸುತ್ತಾ ಹೋಯಿತು. 18 ವೋಲ್ಟ್, 5 ಆಂಪಿಯರ್ ಎಂದರೆ 90 ವ್ಯಾಟ್. ನಾನು ಬೆಸುಗೆ ಹಾಕುವ ಕಡ್ಡಿ 25 ವ್ಯಾಟಿನದು.

ಈಗ ಮಾಡಿರುವುದನ್ನು ಹೇಳುತ್ತೇನೆ. ಕೆಪಾಸಿಟರುಗಳನ್ನೆಲ್ಲ ಕಿತ್ತು 35 ವೋಲ್ಟಿನವನ್ನು ಕೂರಿಸಿದೆ. ಗಾತ್ರ ಸ್ವಲ್ಪ ದೊಡ್ಡದು, ಶೌಚಾಲಯದ ಗೋಡೆಯ ಹಿಂದೆ ಅಡಗುತ್ತದೆ. ಅದಕ್ಕೆ ಕರೆಂಟು ತುಂಬುವ ದಾರಿಯಲ್ಲಿ 100 ಓಮಿನ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್. ತುಂಬುವಾಗ ರೆಸಿಸ್ಟರಿನ ಮೂಲಕ ನಿಧಾನಕ್ಕೆ, ಖಾಲಿಯಾಗುವಾಗ ಡಯೋಡಿನ ಮೂಲಕ ಸಲೀಸಾಗಿ. ಡಯೋಡಿನ ದಿಕ್ಕು ತಪ್ಪಿದರೆ ರೆಸಿಸ್ಟರ್ ಇದ್ದೂ ಇಲ್ಲದಂತೆ. ಪಟ್ಟಿಗೆ ಸರಣಿಯಲ್ಲಿ 470 ಓಮ್ ಹಾಕಿದೆ. ಮೂರು ದೀಪಕ್ಕೆ 4 ಮಿಲಿಆಂಪಿಯರ್ ಸಿಕ್ಕರೆ ಸಾಕು, ಕಣ್ಣಿಗೆ ನಿಜವಾದ ಬೋಗಿಯಂತೆ ಕಾಣುವುದು ಆ ಮಂದ ಬೆಳಕೇ. ಬ್ರಿಡ್ಜಿಗೂ ಮೊದಲು ಬೋಗಿಗೊಂದು ಪಾಲಿಫ್ಯೂಸ್, ಅಂದರೆ ಕರೆಂಟು ಮಿತಿ ಮೀರಿದರೆ ತಡೆದು, ತಣ್ಣಗಾದ ಮೇಲೆ ಮತ್ತೆ ತಾನೇ ಬಿಡುವ ಫ್ಯೂಸ್. ಬೂಸ್ಟರ್ ಮತ್ತೆ 3ಕ್ಕೆ ಇಳಿದಿದೆ. ಹಳಿಯ ಸುತ್ತ ಅಲ್ಲಲ್ಲಿ, ಸುರಂಗದ ಒಳಗೂ, ಎರಡು ಹಳಿಗೆ ತಾಗುವಂತೆ ಒಂದು ರೂಪಾಯಿ ನಾಣ್ಯ ಇಟ್ಟು ನೋಡುತ್ತೇನೆ. ಪ್ರತಿ ಸಲವೂ ತಕ್ಷಣ ಆಫ್ ಆಗಲೇಬೇಕು. ಆಗದ ಜಾಗದಲ್ಲಿ ತಂತಿ ಸಣ್ಣದಾಯಿತು ಎಂದು ಅರ್ಥ.

ಇನ್ನೊಂದು, ಪಟ್ಟಿಯನ್ನು ಫೆವಿಕ್ವಿಕ್‌ನಂಥ ಅಂಟಿನಿಂದ ಅಂಟಿಸಬೇಡಿ. ಅದರ ಆವಿಗೆ ಕಿಟಕಿಯ ಪ್ಲಾಸ್ಟಿಕ್ ಒಳಗಿನಿಂದ ಬೂದಿ ಬಳಿದಂತಾಗುತ್ತದೆ, ಒರೆಸಲು ಬರುವುದಿಲ್ಲ.

ಮಾರಿದವರು ಹಣ ಕೊಡಲಿಲ್ಲ. ‘12 ವೋಲ್ಟ್ ಎಂದು ಬರೆದಿದ್ದೇವಲ್ಲ ಸಾರ್’ ಎಂದರು. ಡಿಸಿಸಿಯ ಸಾಲು ಇನ್ನೂ ಅಲ್ಲೇ ಇದೆ, ಮೊನ್ನೆ ನೋಡಿದೆ.