ಅಲಂಕಾರ ಗುರುತಿಸಿದ ಮೇಲೆ ಏನು? ಒಂದು ಕಾರ್ಡ್ ಸೆಟ್ ಬಳಸಿ ನೋಡಿದೆ

ನನ್ನ ಏಳನೇ ತರಗತಿಯವರು ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಹೋಲಿಕೆಯ ನಾಲ್ಕೂ ಭಾಗಗಳನ್ನು ಪಟಪಟ ಬಿಡಿಸಿ ಬರೆಯುತ್ತಾರೆ. "ಈ ಪಾತ್ರ ಇದೇ ಹೋಲಿಕೆ ಯಾಕೆ ಕೊಟ್ಟಿತು?" ಎಂದರೆ ಮಾತ್ರ ಎಲ್ಲರೂ ತೆಪ್ಪಗೆ. ಪಾತ್ರಗಳು ಆಡುವ ರೂಪಕಗಳನ್ನು ಬರೆದಿರುವ ಈ ಕಾರ್ಡ್ ಸೆಟ್ ಕೈಹಾಕುವುದು ಅಲ್ಲಿಗೇ.

ನನಗೆ ಹಿಡಿಸಿದ್ದು ಜೋಡಿ ಕಾರ್ಡುಗಳು. ಒಂದರಲ್ಲಿ ಮಗಳು, "ಅಪ್ಪನ ಮೌನ ಬೀಗ ಹಾಕಿದ ಬಾಗಿಲು" ಎನ್ನುತ್ತಾಳೆ. ಇನ್ನೊಂದರಲ್ಲಿ ಅಪ್ಪ, "ನನ್ನ ಮೌನ ಇವಳಿಗೆ ಹಿಡಿದ ಕೊಡೆ." ಮೌನ ಒಂದೇ, ರೂಪಕ ಎರಡು. ಜಗಳ ಎಲ್ಲಿದೆ ಎಂದು ನಾನು ವಿವರಿಸಬೇಕಾಗಲೇ ಇಲ್ಲ. "ಮಿಸ್, ಕೊಡೆ ಹಿಡಿದೋರಿಗೆ ತಾವು ಬಾಗಿಲು ಹಾಕಿದೀವಿ ಅಂತ ಗೊತ್ತೇ ಆಗಲ್ಲ" ಎಂದ, ಸಾಮಾನ್ಯವಾಗಿ ಬಾಯಿಬಿಡದ ಹುಡುಗ. ಇಷ್ಟಕ್ಕೇ ದುಡ್ಡು ವಸೂಲಾಯಿತು ಅನ್ನಿ.

ಪಾತ್ರದ ಒಳತೋಟಿಯ ಕಾರ್ಡುಗಳು ಸಪ್ಪೆ. ಮನಸ್ಸು ಬಿರುಗಾಳಿ, ಎದೆ ಬೆಂಕಿ: ಯಾರ ಬಾಯಲ್ಲಿಟ್ಟರೂ ನಡೆಯುವ ಸವಕಲು ಮಾತು, ಅದರಿಂದ ಪಾತ್ರದ ಗುಟ್ಟೇನೂ ಹೊರಬೀಳದು. ಅವನ್ನು ಬದಿಗಿಟ್ಟು ಮಕ್ಕಳಿಂದಲೇ ಹೊಸದು ಬರೆಸಿದೆ. ಉತ್ತರಸೂಚಿಯಂತೂ ಬೇಡವೇ ಬೇಡ. ಪ್ರತಿ ರೂಪಕಕ್ಕೂ ಒಂದೊಂದೇ ಅರ್ಥ ಕಟ್ಟಿಕೊಟ್ಟಿದ್ದಾರೆ.

ರಟ್ಟು ಗಟ್ಟಿ, ಅಕ್ಷರ ದೊಡ್ಡದು. ಐದಕ್ಕೆ ನಾಲ್ಕು. ಉತ್ತರಸೂಚಿ ಕಿತ್ತೆಸೆದು ಕೊಟ್ಟರೆ ನಾಲ್ಕೂವರೆ.